ಆರು ಸಲ ಊದಿ, ಆಮೇಲೆ ಕಿವಿಗೊಡಿ: ಕರಾವಳಿಯ ಮನೆಗೊಂದು ವಿಸಿಲ್ ಮಾರ್ಗದರ್ಶಿ

ಮೂವತ್ತು ವರ್ಷ ಪಿ.ಟಿ. ಮಾಷ್ಟ್ರಾಗಿದ್ದವನು ನಾನು. ಕೊರಳಲ್ಲಿ ವಿಸಿಲ್ ಇಲ್ಲದಿದ್ದರೆ ಅಂಗಿಯ ಗುಂಡಿ ಹಾಕಲು ಮರೆತ ಹಾಗೆ ಅನಿಸುತ್ತಿತ್ತು. ನಿವೃತ್ತನಾದ ಮೇಲೆ ಅದನ್ನು ಕಟಪಾಡಿಯ ಮನೆಯ ಬಚ್ಚಲು ಕೊಟ್ಟಿಗೆಯ ಮೊಳೆಗೆ ತೂಗುಹಾಕಿದೆ. ಅಮ್ಮನಿಗೆ ಎಂಬತ್ತು ದಾಟಿದೆ. "ಎಂಥದಾದ್ರೂ ಆದ್ರೆ ಇದನ್ನು ಊದಿ" ಎಂದು ಹೇಳಿ ನನ್ನ ಕರ್ತವ್ಯ ಮುಗಿಯಿತು ಅಂದುಕೊಂಡೆ.

ಆಟಿ ತಿಂಗಳ, ಅಂದರೆ ತುಳುನಾಡಿನ ಜೋರು ಮಳೆಯ ತಿಂಗಳ, ಒಂದು ಸಂಜೆ ನಾವು ಯಾರೂ ಮನೆಯಲ್ಲಿ ಇರಲಿಲ್ಲ. ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಅಮ್ಮ ಜಾರಿದರು, ಮಣಿಕಟ್ಟು ಮುರಿಯಿತು. ಎದ್ದು ನಿಲ್ಲಲು ಆಗದೆ ಇದ್ದರೂ ಕೈಗೆಟುಕಿದ ವಿಸಿಲ್ ತೆಗೆದು ಊದಿದರು. ಊದುತ್ತಲೇ ಇದ್ದರು. ಮೇಲೆ ಶೀಟಿನ ಮಾಡು, ಅದರ ಮೇಲೆ ಮಳೆ. ಒಂದು ಗಂಟೆಯ ನಂತರ ನಾವು ಬಂದಾಗಲೇ ಗೊತ್ತಾದದ್ದು. ಮರುದಿನ ಆಚೆಮನೆಯ ಅಕ್ಕ ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದರು: "ಕೇಳ್ತಾ ಇತ್ತು ಮಾಷ್ಟ್ರೇ. ನಿಮ್ಮ ಮೊಮ್ಮಕ್ಕಳು ಆಡ್ತಾ ಇದ್ದಾರೆ ಅಂತ ಗ್ರಹಿಸಿದೆ ಮಾರಾಯ್ರೆ."

ವಿಸಿಲ್ ಸರಿ ಇತ್ತು, ಸದ್ದೂ ಮುಟ್ಟಿತ್ತು, ಆದರೆ ಅರ್ಥ ಮುಟ್ಟಿರಲಿಲ್ಲ. ನಮ್ಮ ಊರಿನಲ್ಲಿ ಇದು ಇನ್ನೂ ಕಷ್ಟ. ಮಂಗಳೂರು, ಉಡುಪಿಯ ಬಸ್ಸುಗಳಲ್ಲಿ ಕಂಡಕ್ಟರ್ ಇಡೀ ದಿನ ವಿಸಿಲ್ ಹೊಡೆಯುತ್ತಾನೆ. ಶಾಲೆಯ ಮೈದಾನದಲ್ಲಿ ಕಬಡ್ಡಿ, ಬೈಲಿನಲ್ಲಿ ವಾಲಿಬಾಲ್ ಟೂರ್ನಮೆಂಟು, ಅಡುಗೆಮನೆಯಲ್ಲಿ ಕುಕ್ಕರ್. ಇಷ್ಟು ವಿಸಿಲ್ ಕೇಳಿ ಪಳಗಿದ ಕಿವಿ ಇನ್ನೊಂದಕ್ಕೆ ತಿರುಗುವುದಿಲ್ಲ. ಹಾಗಾಗಿ ಈ ಬರಹದಲ್ಲಿ ಕೊಳ್ಳುವುದು ಹೇಗೆ, ಊದುವುದು ಹೇಗೆ ಎಂಬುದು ಇದ್ದರೂ ನಾನು ಹೆಚ್ಚು ಒತ್ತಿ ಹೇಳುವುದು ಎಣಿಕೆಯನ್ನು.

ಮೊದಲ ಹೆಜ್ಜೆ: ವಿಸಿಲ್ ಆರಿಸುವುದು

ಅಂಗಡಿಯಲ್ಲಿ ಎರಡು ಜಾತಿ ಸಿಗುತ್ತದೆ. ಒಳಗೆ ಗುಂಡು ಇರುವುದು, ಇಲ್ಲದಿರುವುದು. ಗುಂಡಿನ ವಿಸಿಲ್ ಹಳೆಯದು. ಬರ್ಮಿಂಗ್‌ಹ್ಯಾಮಿನ ಜೋಸೆಫ್ ಹಡ್ಸನ್ 1884ರಲ್ಲಿ ಮಾಡಿದ 'ಥಂಡರರ್' ಅದರ ಪ್ರಸಿದ್ಧ ರೂಪ, ಇವತ್ತಿಗೂ ರೆಫರಿಗಳ ಕೈಯಲ್ಲಿದೆ. ಗುಂಡು ಒಳಗೆ ಗಿರಗಿರ ತಿರುಗುತ್ತ ಗಾಳಿಯ ದಾರಿಯನ್ನು ಮುಚ್ಚಿ ತೆರೆದು ಮಾಡುವುದರಿಂದ ಆ ಗುರ್ರೆನ್ನುವ ಸ್ವರ ಬರುತ್ತದೆ. ಕೇಳಲು ಚೆಂದ. ಆದರೆ ಆ ಗುಂಡು ಬೆಂಡಿನದ್ದಾಗಿದ್ದರೆ ಎಂಜಲು, ಮಳೆನೀರು ಕುಡಿದು ಉಬ್ಬುತ್ತದೆ. ಕಸ, ಮರಳು ಹೊಕ್ಕರೆ ಮೂಲೆಯಲ್ಲಿ ಕಚ್ಚಿಕೊಳ್ಳುತ್ತದೆ. ಮಳೆಯಲ್ಲಿ ನಡೆದ ಒಂದು ಕ್ರೀಡಾಕೂಟದಲ್ಲಿ ನಾನು ಕೆನ್ನೆ ಉಬ್ಬಿಸಿ ಊದಿದರೆ ಬರೀ 'ಪುಸ್' ಎಂದು ಗಾಳಿ ಬಂತು, ಮಕ್ಕಳೆಲ್ಲ ನಕ್ಕರು. ಆಟದಲ್ಲಿ ಅದು ನಗೆಪಾಟಲು. ಹೊಳೆಯ ಬದಿಯಲ್ಲಿ ಹಾಗಾದರೆ ನಗುವವರು ಇರುವುದಿಲ್ಲ.

ಕೆನಡಾದ ಬಾಸ್ಕೆಟ್‌ಬಾಲ್ ರೆಫರಿ ರಾನ್ ಫಾಕ್ಸ್‌ಕ್ರಾಫ್ಟ್ ಅವರಿಗೂ ಇದೇ ಗುಂಡಿನ ಕಾಟ. ಅವರು ತಂದ ಗುಂಡಿಲ್ಲದ 'ಫಾಕ್ಸ್ 40' 1987ರಿಂದ ಮಾರುಕಟ್ಟೆಯಲ್ಲಿದೆ. ಈಗ ಅದೇ ತತ್ವದಲ್ಲಿ ಹತ್ತಾರು ಕಂಪನಿಗಳು ಮಾಡುತ್ತವೆ. ಒಳಗೆ ಎರಡು ಮೂರು ಪುಟ್ಟ ಕೋಣೆಗಳು, ಒಂದೊಂದರ ಸ್ವರ ಒಂದಿಷ್ಟು ಬೇರೆ. ಅವು ಒಂದಕ್ಕೊಂದು ತಾಗಿ ಕಿವಿ ಚುಚ್ಚುವ ನಡುಕದ ಸದ್ದು ಬರುತ್ತದೆ. ಅಲುಗುವ ಭಾಗವೇ ಇಲ್ಲ, ಆದ್ದರಿಂದ ಕಚ್ಚಿಕೊಳ್ಳುವುದೂ ಇಲ್ಲ. ನೀರು ಹೊಕ್ಕರೆ ಒಂದು ಊದಿಗೆ ಹೊರಗೆ. ಸುರಕ್ಷತೆಗೆ ಇದನ್ನೇ ಕೊಳ್ಳಿ, ಚರ್ಚೆ ಬೇಡ.

ಸ್ಟೀಲಿನದ್ದು, ಹಿತ್ತಾಳೆಯದ್ದು ನೋಡಲು ಗಟ್ಟಿ. ನಮ್ಮ ಉಪ್ಪು ಗಾಳಿಗೆ ಅಗ್ಗದ ಲೋಹ ತುಕ್ಕು ಹಿಡಿಯುತ್ತದೆ, ಹಿತ್ತಾಳೆ ಕಿಲುಬುತ್ತದೆ, ಆಮೇಲೆ ಬಾಯಿಗಿಡಲು ಮನಸ್ಸು ಬಾರದು. ಕಿತ್ತಳೆ ಅಥವಾ ಹಳದಿ ಬಣ್ಣದ ಪ್ಲಾಸ್ಟಿಕ್ಕಿನದ್ದೇ ವಾಸಿ, ಕೆಸರಿನಲ್ಲಿ ಬಿದ್ದರೂ ಕಾಣುತ್ತದೆ. ಕಪ್ಪು ಬೇಡ.

ಪೊಟ್ಟಣದ ಮೇಲೆ 115, 120 ಡೆಸಿಬೆಲ್ ಎಂದು ದೊಡ್ಡದಾಗಿ ಹಾಕಿರುತ್ತಾರೆ. ಅದಕ್ಕೆ ಮರುಳಾಗುವ ಮೊದಲು ಒಂದು ಲೆಕ್ಕ ತಿಳಿದಿರಲಿ. ತೆರೆದ ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 115 ಇದ್ದದ್ದು 10 ಮೀಟರಿನಲ್ಲಿ 95, 100 ಮೀಟರಿನಲ್ಲಿ 75. ಅಂದರೆ ಒಂದು ಗದ್ದೆ ಆಚೆಗೆ ಅದು ಸುಮಾರಾಗಿ ಬೀದಿಯ ವಾಹನದ ಸದ್ದಿನಷ್ಟೇ. ನಡುವೆ ಮರ, ಗೋಡೆ, ಮಳೆ ಇದ್ದರೆ ಇನ್ನೂ ಕಡಿಮೆ. ಹಾಗಾದರೆ ಬೊಬ್ಬೆಗಿಂತ ವಿಸಿಲ್ ಏಕೆ ಮೇಲು? ನಮ್ಮ ಕಿವಿ ಅತಿ ಚುರುಕಾಗಿರುವುದು 2000ದಿಂದ 5000 ಹರ್ಟ್ಸ್ ನಡುವೆ, ವಿಸಿಲಿನ ಸ್ವರ ಕೂರುವುದೂ ಅಲ್ಲೇ. ಕಡಲಿನ ಮೊರೆತ, ಲಾರಿಯ ಇಂಜಿನ್ ಎಲ್ಲ ದಪ್ಪ ಸ್ವರ. ಅವುಗಳ ಮೇಲೆ ಈ ತೆಳು ಸ್ವರ ಎದ್ದು ಕೇಳುತ್ತದೆ. ಅದಕ್ಕಿಂತ ದೊಡ್ಡ ಮಾತು: ದೀಪಾವಳಿಗೆ ಬಲೀಂದ್ರನನ್ನು ಕರೆಯಲು ಗದ್ದೆಯಲ್ಲಿ ಹತ್ತು ಸಲ 'ಕೂ' ಹಾಕಿದರೇ ಗಂಟಲು ಕಟ್ಟುತ್ತದೆ. ವಿಸಿಲಿಗೆ ಗಂಟಲು ಬೇಡ, ಉಸಿರು ಸಾಕು. ಗಂಟೆಗಟ್ಟಲೆ ಊದಬಹುದು.

ಎರಡನೆಯದು: ಊದುವುದು

ಇದರಲ್ಲಿ ಕಲಿಯಲು ಏನಿದೆ ಎಂದು ಕೇಳಬೇಡಿ. ಹೊಸಬರಲ್ಲಿ ಅರ್ಧ ಜನ ತುಟಿಯ ಸಂದಿನಲ್ಲೇ ಗಾಳಿ ಬಿಡುತ್ತಾರೆ. ವಿಸಿಲಿನ ಬಾಯನ್ನು ಹಲ್ಲಿನ ನಡುವೆ ಮೆಲ್ಲಗೆ ಕಚ್ಚಿ ಹಿಡಿಯಿರಿ, ತುಟಿ ಸುತ್ತ ಬಿಗಿಯಾಗಲಿ. ಹಲ್ಲಿನ ಸೆಟ್ ಹಾಕುವವರು ಕಚ್ಚಬೇಡಿ, ಸೆಟ್ ಜಾರುತ್ತದೆ. ತುಟಿಯಿಂದಲೇ ಒತ್ತಿ, ಬೆರಳಿನಿಂದ ಆಧಾರ ಕೊಡಿ. ಕೆನ್ನೆಯಿಂದ ಊದಬೇಡಿ, ಹೊಟ್ಟೆಯಿಂದ ಊದಿ. ನಾಲಿಗೆಯ ತುದಿಯಲ್ಲಿ 'ಟು' ಎಂದು ಶುರು ಮಾಡಿ, ಮುಗಿಸುವಾಗ ಅದೇ ನಾಲಿಗೆಯಿಂದ ಗಾಳಿಯನ್ನು ಕತ್ತರಿಸಿ. ಆಗ ಊದಿಗೆ ಒಂದು ತಲೆ, ಒಂದು ಬಾಲ ಬರುತ್ತದೆ. ತಲೆಬಾಲ ಇದ್ದರೆ ಮಾತ್ರ ದೂರದವರು ಎಣಿಸಲು ಸಾಧ್ಯ. ಬದಿಯ ತೂತುಗಳ ಮೇಲೆ ಬೆರಳು ಇಟ್ಟರೆ ಸದ್ದು ಸತ್ತಂತೆ, ಅದನ್ನೂ ನೋಡಿಕೊಳ್ಳಿ.

ಅಭ್ಯಾಸ ಮಾಡುವಾಗ ಕಿವಿ ಜೋಪಾನ. ಮಗುವಿನ ಕಿವಿಯ ಹತ್ತಿರ ತಮಾಷೆಗೂ ಊದಬಾರದು, ಕಿವಿಗೆ ಶಾಶ್ವತ ಪೆಟ್ಟು ಬೀಳಬಹುದು. ಕೋಣೆಯೊಳಗೆ ಬೇಡ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯದಲ್ಲಿ ಬೇಡ, ರಾತ್ರಿ 10ರ ಮೇಲೆ ಬೇಡ. ಉಬ್ಬಸ ಇರುವವರು ಸಣ್ಣ ಸಣ್ಣ ಊದಿನಲ್ಲಿ ಅಭ್ಯಾಸ ಮಾಡಲಿ.

ಮೂರನೆಯದು: ಎಣಿಕೆ

ಪರ್ವತಾರೋಹಿಗಳಲ್ಲಿ ಬಹಳ ಹಿಂದಿನಿಂದ ನಡೆದುಬಂದ ಅಂತಾರಾಷ್ಟ್ರೀಯ ಸಂಕೇತ ಒಂದಿದೆ. ಒಂದು ನಿಮಿಷದಲ್ಲಿ ಆರು ಊದು, ಆಮೇಲೆ ಒಂದು ನಿಮಿಷ ಮೌನ, ಮತ್ತೆ ಆರು. ಕೇಳಿದವರ ಉತ್ತರ ನಿಮಿಷಕ್ಕೆ ಮೂರು. ಅಮೆರಿಕದ ಕಡೆ ಮೂರು ಊದಿದರೇ ಆಪತ್ತು ಎಂದು ಅರ್ಥ. ಆದರೆ ನಮ್ಮಲ್ಲಿ ಆಟ ಮುಗಿದಾಗ ರೆಫರಿ ಮೂರು ಊದುವುದು ಮಾಮೂಲು, ಆದ್ದರಿಂದ ನಾನು ಆರಕ್ಕೇ ಅಂಟಿಕೊಂಡಿದ್ದೇನೆ. ಆರನ್ನು ಬೇರೆ ಯಾವುದಕ್ಕೂ ಯಾರೂ ಊದುವುದಿಲ್ಲ.

ಗಡಿಯಾರ ನೋಡುವ ಸ್ಥಿತಿಯಲ್ಲಿ ಯಾರಿರುತ್ತಾರೆ? ಅದಕ್ಕೆ ಅಮ್ಮನಿಗೆ ಹೀಗೆ ಹೇಳಿಕೊಟ್ಟೆ: ಮೂರು ಎಣಿಸುವಷ್ಟು ಹೊತ್ತು ಊದುವುದು, ಏಳು ಎಣಿಸುವಷ್ಟು ಹೊತ್ತು ಸುಮ್ಮನಿರುವುದು. ಅದು ಒಂದು. ಹೀಗೆ ಆರು ಬೆರಳು ಮಡಚಿದ ಮೇಲೆ ಅರವತ್ತು ಎಣಿಸುತ್ತ ಸುಮ್ಮನೆ ಕಿವಿಗೊಡುವುದು.

ಈ ಸುಮ್ಮನಿರುವುದೇ ಎಲ್ಲರೂ ಬಿಟ್ಟುಬಿಡುವ ಭಾಗ. ಹೆದರಿದ ಮನುಷ್ಯ ಬಿಡುವಿಲ್ಲದೆ ಊದುತ್ತಾನೆ. ಆಗ ಎರಡು ನಷ್ಟ. ಯಾರಾದರೂ ಕೂಗಿ ಉತ್ತರ ಕೊಟ್ಟರೆ ಅವನಿಗೆ ಕೇಳುವುದಿಲ್ಲ, ತಲೆಸುತ್ತು ಬೇರೆ ಬರುತ್ತದೆ. ಮೂರನೆಯ ನಷ್ಟವೂ ಇದೆ, ಅದು ಅಮ್ಮನಿಗೆ ಆದದ್ದು: ಬಿಡುವಿಲ್ಲದ ಸದ್ದು ಮಕ್ಕಳಾಟದಂತೆ ಕೇಳುತ್ತದೆ.

ದಿನಬಳಕೆಗೆ ಬಸ್ಸಿನ ಭಾಷೆಯನ್ನೇ ಇಟ್ಟುಕೊಳ್ಳಿ, ಎಲ್ಲರಿಗೂ ಬಾಯಿಪಾಠ. ಒಂದು ಅಂದರೆ ನಿಲ್ಲಿಸಿ. ಎರಡು ಅಂದರೆ ರೈಟ್, ಹೋಗಲಿ. ಮೂರು ಅಂದರೆ ಕೇಳಿತು, ಬರುತ್ತಿದ್ದೇನೆ. ಆರು ಅಂದರೆ ಆಪತ್ತು. ಇದಕ್ಕಿಂತ ಹೆಚ್ಚು ಸಂಕೇತ ಮಾಡಲು ಹೋದರೆ ಅವಸರದಲ್ಲಿ ಯಾವುದೂ ನೆನಪಾಗುವುದಿಲ್ಲ.

ನಾಲ್ಕನೆಯದು: ಆಚೆಮನೆಯವರ ಹತ್ತಿರ ಹೇಳುವುದು

ಒಂದು ಸಂಜೆ ಚಾ ಕುಡಿಯುವ ಹೊತ್ತಿಗೆ ಅಕ್ಕಪಕ್ಕದ ಮೂರು ನಾಲ್ಕು ಮನೆಗೆ ಹೋಗಿ ಹೇಳಿ: ಆರು ಕೇಳಿದರೆ ಅದು ಆಟವಲ್ಲ. ಮೂರು ಊದಿ ಅಥವಾ 'ಓ' ಎಂದು ಕೂಗಿ ಉತ್ತರ ಕೊಡಿ, 112ಕ್ಕೆ ಫೋನ್ ಮಾಡಿ, ಇನ್ನೊಬ್ಬರನ್ನು ಕರೆದುಕೊಂಡೇ ಬನ್ನಿ. ಆಂಬುಲೆನ್ಸ್ ಮಾತ್ರ ಬೇಕಿದ್ದರೆ 108.

ಇಲ್ಲಿ ಒಂದು ಸೂಕ್ಷ್ಮ ಇದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತೆಳು ಸ್ವರಗಳನ್ನೇ. ಆಚೆಮನೆಯ ಹಿರಿಯರಿಗೆ ಅಂಗಳದಲ್ಲಿ ಆಡಿದ ಮಾತು ಕೇಳುತ್ತದೆ, ಇಪ್ಪತ್ತು ಹೆಜ್ಜೆಯಿಂದ ಊದಿದ ವಿಸಿಲ್ ಕೇಳಲಿಲ್ಲ. ಅವರ ಸೊಸೆಗೆ ಕೇಳಿತು. ಆದ್ದರಿಂದ ಪ್ರತಿ ಮನೆಯಲ್ಲೂ ಒಬ್ಬ ಎಳೆಯ ಕಿವಿಯವರಿಗೆ ವಿಷಯ ಗೊತ್ತಿರಬೇಕು. ಪರೀಕ್ಷೆಯನ್ನು ಬೇಸಿಗೆಯ ಸಂಜೆ ಮಾಡಿ ತೃಪ್ತಿಪಡಬೇಡಿ, ಜೋರು ಮಳೆಯ ದಿನ, ಅವರ ಟಿವಿ ಹಾಕಿರುವಾಗ ಮಾಡಿ. ಯಾವ ಕಿಟಕಿಯಿಂದ ಊದಿದರೆ ಯಾವ ಮನೆಗೆ ಕೇಳುತ್ತದೆ ಎಂಬುದು ಆಗ ತಿಳಿಯುತ್ತದೆ. ನಮ್ಮ ಬಚ್ಚಲು ಕೊಟ್ಟಿಗೆಯ ಒಳಗಿಂದ ಊದಿದರೆ ಯಾರಿಗೂ ಸರಿಯಾಗಿ ಕೇಳದು, ಬಾಗಿಲ ಸಂದಿಗೆ ಮುಖ ಮಾಡಿ ಊದಿದರೆ ಎರಡು ಮನೆಗೆ ಕೇಳುತ್ತದೆ.

ತೂಗುಹಾಕುವ ಎತ್ತರವೂ ಮುಖ್ಯ. ಬಿದ್ದವರು ನೆಲದಲ್ಲಿರುತ್ತಾರೆ. ನಿಂತವರ ಕಣ್ಣಿನ ಎತ್ತರದಲ್ಲಿ ಮೊಳೆ ಹೊಡೆದು ಏನು ಪ್ರಯೋಜನ? ನೆಲದಿಂದ ಒಂದು ಅಡಿ ಎತ್ತರದಲ್ಲಿ ಒಂದು, ಮಂಚದ ಬದಿಯಲ್ಲಿ ಒಂದು, ಬಾವಿಕಟ್ಟೆಯ ಹತ್ತಿರ ಒಂದು. ಮಕ್ಕಳ ಕೊರಳಿಗೆ ಗಟ್ಟಿ ಹಗ್ಗದಲ್ಲಿ ಕಟ್ಟಬೇಡಿ, ಬಸ್ಸಿನ ಬಾಗಿಲಿಗೋ ಜಾರುಬಂಡಿಗೋ ಸಿಕ್ಕಿಕೊಂಡರೆ ಪ್ರಾಣಕ್ಕೇ ಸಂಚಕಾರ. ಎಳೆದರೆ ಕಳಚಿಕೊಳ್ಳುವ ದಾರ ಸಿಗುತ್ತದೆ, ಇಲ್ಲದಿದ್ದರೆ ಶಾಲೆ ಚೀಲದ ಪಟ್ಟಿಗೆ ಕಟ್ಟಿ.

ತೋಟದಲ್ಲಿ

ದಿನನಿತ್ಯ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ತೋಟದಲ್ಲಿ. ಪಂಪ್ ಕೆರೆಯ ಬದಿಯಲ್ಲಿ, ನಾನು ಮೇಲಿನ ತೋಟದಲ್ಲಿ. ಎರಡು ಊದಿದರೆ ಮಗ ಸ್ವಿಚ್ ಹಾಕುತ್ತಾನೆ, ಒಂದು ಊದಿದರೆ ಬಂದ್. ಮೊದಲು ಇದಕ್ಕೆ ದಿನಕ್ಕೆ ಹತ್ತು ಸಲ ಮೊಬೈಲ್, ಒದ್ದೆ ಕೈಯಲ್ಲಿ.

ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣದ ಬೋರ್ಡೋ ಮದ್ದು ಬಿಡುವಾಗ ಇದು ಇನ್ನೂ ಅಗತ್ಯ. ಮದ್ದು ಬಿಡುವವರು ಅಡಿಕೆ ಮರದ ತುದಿಯಲ್ಲಿ, ಪೈಪ್ ಎಳೆಯುವವರು ಕೆಳಗೆ, ಪಂಪ್ ನೋಡುವವರು ಇನ್ನೆಲ್ಲೋ. ಇಂಜಿನ್ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳದು. ಮರದ ಮೇಲಿರುವವರ ಅಂಗಿಯ ಎದೆಯ ಬದಿಗೆ, ಬಾಯಿ ಬಗ್ಗಿಸಿದರೆ ಸಿಗುವ ಹಾಗೆ ವಿಸಿಲ್ ಸಿಕ್ಕಿಸಿ. ಎರಡು ಕೈಯೂ ಮರದಲ್ಲಿರುವಾಗ ಕಿಸೆಗೆ ಕೈ ಹಾಕಲು ಆಗುವುದಿಲ್ಲ. ಕೈಗೆ ಮೈಲುತುತ್ತು ತಾಗಿದ್ದರೆ ಅದೇ ಕೈಯಲ್ಲಿ ವಿಸಿಲನ್ನು ಬಾಯಿಗಿಡಬೇಡಿ, ತೊಳೆದೇ ಮುಟ್ಟಿ.

ಬೇಸಿಗೆಯಲ್ಲಿ ಬಾವಿಯ ಕೆಸರು ತೆಗೆಸುವಾಗಲೂ ಇಳಿದವರ ಕೊರಳಲ್ಲಿ ಒಂದು ಇರಲಿ, ಬಾವಿಯ ಗೋಡೆಯೇ ಸದ್ದನ್ನು ಮೇಲಕ್ಕೆ ಒಯ್ಯುತ್ತದೆ. ಆದರೆ ಕೆಳಗಿಂದ ಆರು ಕೇಳಿತು ಎಂದು ಮೇಲಿನವರು ಧಡಕ್ಕನೆ ಇಳಿಯಬಾರದು. ಉಸಿರುಗಟ್ಟುವ ಗಾಳಿ ಇದ್ದರೆ ಎರಡನೆಯವರೂ ಬೀಳುತ್ತಾರೆ. ಮೊದಲೇ ಸೊಂಟಕ್ಕೆ ಕಟ್ಟಿದ ಹಗ್ಗದಿಂದ ಎಳೆಯುವುದು, ಅಗ್ನಿಶಾಮಕದವರನ್ನು ಕರೆಯುವುದು.

ಕಡಲಿನಲ್ಲಿ

ಪಣಂಬೂರು, ಮಲ್ಪೆಯ ಕಿನಾರೆಯಲ್ಲಿ ಲೈಫ್‌ಗಾರ್ಡ್ ನಿಮ್ಮ ಕಡೆ ನೋಡಿ ವಿಸಿಲ್ ಊದಿದರೆ ವಾದ ಮಾಡದೆ ಮೇಲೆ ಬನ್ನಿ. ದೂರದ ಊರಿನಿಂದ ಬಂದವರಿಗೆ ಆ ತೆರೆಗಳ ನಡುವಿನ ನುಣುಪಾದ ನೀರಿನ ದಾರಿ ಶಾಂತವಾಗಿ ಕಾಣುತ್ತದೆ. ಹೊರಕ್ಕೆ ಎಳೆಯುವ ಸೆಳೆತ ಇರುವುದು ಅಲ್ಲೇ.

ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟು ಹತ್ತಿದಾಗ ಲೈಫ್ ಜಾಕೆಟ್ ಕೊಡುತ್ತಾರೆ. ಫೋಟೋ ತೆಗೆಯುವ ಮೊದಲು ಅದರ ಭುಜದ ಬದಿ ನೋಡಿ, ದಾರದಲ್ಲಿ ಕಟ್ಟಿದ ವಿಸಿಲ್ ಇದೆಯೇ? ಹಡಗಿನ ಲೈಫ್ ಜಾಕೆಟ್ಟಿಗೆ ವಿಸಿಲ್ ಕಟ್ಟಿರಬೇಕೆಂಬುದು ಅಂತಾರಾಷ್ಟ್ರೀಯ ನಿಯಮ. ಟೈಟಾನಿಕ್ ಮುಳುಗಿದ 1912ರ ಆ ಬೆಳಗಿನ ಜಾವ ಮಗುಚಿದ ದೋಣಿಯ ಬೆನ್ನಿನ ಮೇಲೆ ನಿಂತಿದ್ದ ಅಧಿಕಾರಿ ಲೈಟೊಲರ್ ತನ್ನ ವಿಸಿಲ್ ಊದಿಯೇ ಬೇರೆ ದೋಣಿಗಳನ್ನು ಕರೆಸಿಕೊಂಡದ್ದು. ಜಾಕೆಟ್ಟಿನಲ್ಲಿ ಇಲ್ಲದಿದ್ದರೆ ನಿಮ್ಮದನ್ನು ಕಟ್ಟಿಕೊಳ್ಳಿ. ಜಾಕೆಟ್ ಇಲ್ಲದೆ ಈಜುತ್ತ ವಿಸಿಲ್ ಊದುವುದು ಕನಸು. ಉಸಿರು ತೇಲಲಿಕ್ಕೇ ಸಾಲದು.

ನಮ್ಮಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ರಜೆ. ಆದರೆ ನಾಡದೋಣಿಯವರು ಇಳಿಯುವುದು ಅದೇ ಮಳೆಗಾಲದಲ್ಲಿ, ಎದುರಿನ ದೋಣಿ ಕಾಣದಷ್ಟು ಮಳೆ ಹೊಯ್ಯುವಾಗ. ಸಮುದ್ರದ ಸಂಚಾರ ನಿಯಮದಲ್ಲಿ ಜೋರು ಮಳೆಯೂ ಮಂಜಿನ ಲೆಕ್ಕವೇ. 12 ಮೀಟರಿಗಿಂತ ಚಿಕ್ಕ ದೋಣಿಯೂ ಅಂಥ ಹೊತ್ತಿನಲ್ಲಿ ಎರಡು ನಿಮಿಷಕ್ಕೊಮ್ಮೆಯಾದರೂ ಸರಿಯಾಗಿ ಕೇಳುವಂಥ ಸದ್ದು ಮಾಡಬೇಕು. ಇಂಜಿನ್ ಕೆಟ್ಟ ದಿನ ವಿಸಿಲ್ ಕೈಬಿಡುವುದಿಲ್ಲ. ಕೋಸ್ಟ್ ಗಾರ್ಡಿನ ಸಂಖ್ಯೆ 1554, ಕರಾವಳಿ ಕಾವಲು ಪೊಲೀಸರದ್ದು 1093. ಫೋನಿನಲ್ಲಿ ಈಗಲೇ ಹಾಕಿಟ್ಟುಕೊಳ್ಳಿ.

ದಡದಲ್ಲಿ ನಿಂತು ಆರು ಕೇಳಿಸಿಕೊಂಡವರಿಗೆ ಒಂದು ಮಾತು: ಹಾರಬೇಡಿ. ಹಗ್ಗ, ಮುಚ್ಚಳ ಬಿಗಿದ ಖಾಲಿ ಕ್ಯಾನು, ತೇಲುವ ಏನು ಸಿಕ್ಕಿದರೂ ಎಸೆಯಿರಿ.

ಘಟ್ಟದ ಕಡೆ

ಗಡಾಯಿಕಲ್ಲು, ಕುದುರೆಮುಖ, ಕುಮಾರಪರ್ವತಕ್ಕೆ ಹೋಗುವ ಹುಡುಗರು ಪವರ್‌ಬ್ಯಾಂಕ್ ಎರಡೆರಡು ಒಯ್ಯುತ್ತಾರೆ, ಸಿಗ್ನಲ್ ಇರುವುದಿಲ್ಲ. ತಂಡದಲ್ಲಿ ಎಲ್ಲರ ಬಳಿಯೂ ವಿಸಿಲ್ ಇರಲಿ. ಕನಿಷ್ಠ ಮುಂದಿನವನಲ್ಲಿ, ಕೊನೆಯವನಲ್ಲಿ ಇರಲೇಬೇಕು. ಹಿಂದಿನವನು ಒಂದು ಊದಿದರೆ ಮುಂದಿನವನು ನಿಲ್ಲಬೇಕು.

ದಾರಿ ತಪ್ಪಿತು ಎಂದು ಗೊತ್ತಾದ ಕೂಡಲೇ ಕೂತುಬಿಡಿ. ಊದುತ್ತ ಅಲೆದರೆ ಹುಡುಕುವವರು ನಿಮ್ಮ ಹಳೆಯ ಜಾಗಕ್ಕೆ ಬಂದು ನಿಲ್ಲುತ್ತಾರೆ. ತೊರೆಯ ಪಕ್ಕ ಕೂರಬೇಡಿ, ನೀರಿನ ಸದ್ದು ನುಂಗುತ್ತದೆ. ಹತ್ತಿರದಲ್ಲೇ ಬೋಳುಬಂಡೆ, ದಿಬ್ಬ ಇದ್ದರೆ ಅಲ್ಲಿಂದ ನಾಲ್ಕು ದಿಕ್ಕಿಗೂ ತಿರುಗಿ ಊದಿ. ಕಣಿವೆಯಲ್ಲಿ ಪ್ರತಿಧ್ವನಿ ಬಂದು ಹುಡುಕುವವರಿಗೆ ದಿಕ್ಕು ತಪ್ಪುತ್ತದೆ, ಅವರು ಎರಡು ಮೂರು ಸುತ್ತು ಕೇಳಿದ ಮೇಲೆಯೇ ಹೆಜ್ಜೆ ಇಡಲಿ. ಅಭಯಾರಣ್ಯದಲ್ಲಿ ಮೋಜಿಗೆ ಊದುವುದು ಮಾತ್ರ ಬೇಡ.

ಗುಡ್ಡ ಕುಸಿದಾಗ, ಲಿಫ್ಟ್ ನಿಂತಾಗ, ರಾತ್ರಿ ಬಸ್‌ಸ್ಟ್ಯಾಂಡಿನಲ್ಲಿ

ಗುಡ್ಡವೋ ಗೋಡೆಯೋ ಕುಸಿದು ಸಿಕ್ಕಿಬಿದ್ದವರು ಬೊಬ್ಬೆ ಹಾಕಿದರೆ ಒಂದೊಂದು ಕೂಗಿಗೂ ಧೂಳು ಒಳಗೆ. ಮೂಗಿಗೆ ಬಟ್ಟೆ ಹಿಡಿದು ಮೆಲ್ಲಗೆ ಉಸಿರು ತೆಗೆದು ವಿಸಿಲಿಗೆ ಬಿಡಿ. ಜೆಸಿಬಿ ಗುಡುಗುಡು ಎನ್ನುವಾಗ ಊದಿ ಉಸಿರು ಹಾಳು ಮಾಡಬೇಡಿ. ರಕ್ಷಣೆಯವರು ನಡುನಡುವೆ ಯಂತ್ರ ನಿಲ್ಲಿಸಿ ಕಿವಿಗೊಡುತ್ತಾರೆ, ಆಗ ಊದಿ. ಕೃತಕ ನೆರೆಗೆ ತಾಗುವ ತಗ್ಗಿನ ಮನೆಯವರು ವಿಸಿಲನ್ನು ಟಾರ್ಚಿನ ಜೊತೆ ಅಟ್ಟದ ಮೇಲೆ ಇಡಲಿ, ನೀರು ಬಂದಾಗ ಹತ್ತುವುದು ಅಲ್ಲಿಗೇ ತಾನೇ.

ಫ್ಲಾಟಿನ ಲಿಫ್ಟ್ ನಿಂತರೆ ಮೊದಲು ಅಲಾರ್ಮ್ ಗುಂಡಿ. ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ ಎಂದಾದರೆ ಬಾಗಿಲ ಸಂದಿಗೆ ವಿಸಿಲ್ ತಾಗಿಸಿ, ಜೊತೆಗಿದ್ದವರಿಗೆ ಕಿವಿ ಮುಚ್ಚಲು ಹೇಳಿ ಊದಿ. ಆ ಪೆಟ್ಟಿಗೆಯೊಳಗೆ ಸದ್ದು ತಲೆ ಒಡೆಯುತ್ತದೆ.

ಯಾರಾದರೂ ಹಿಂಬಾಲಿಸುತ್ತಿದ್ದರೆ, ಮೈಮೇಲೆ ಬಂದರೆ ಎಣಿಕೆಗೆ ಕಾಯುವಂತಿಲ್ಲ. ಜೋರಾಗಿ ಒಂದೇ ಸಮ ಊದುತ್ತ ಬೆಳಕಿರುವ ಅಂಗಡಿಯ ಕಡೆ ಓಡಿ. ಬಸ್‌ಸ್ಟ್ಯಾಂಡಿನಲ್ಲಿ ಬರೀ ವಿಸಿಲಿಗೆ ಯಾರೂ ತಲೆ ಎತ್ತದಿದ್ದರೆ ನಡುವೆ ಒಬ್ಬರನ್ನೇ ಗುರುತಿಸಿ ಕೂಗಿ: "ನೀಲಿ ಅಂಗಿಯ ಅಣ್ಣ, ಇಲ್ಲಿ ಬನ್ನಿ!" ಇದನ್ನು ನನ್ನ ವಿದ್ಯಾರ್ಥಿನಿಯರಿಗೆ ಪ್ರತಿ ವರ್ಷ ಮೈದಾನದಲ್ಲಿ ಮಾಡಿಸುತ್ತಿದ್ದೆ. ಮೊದಲ ದಿನ ನಾಚಿಕೆ, ಎರಡನೆಯ ದಿನ ಹೆಡ್‌ಮಾಷ್ಟ್ರ ಕಿವಿ ತೂತು.

ಎಲ್ಲಿ ಕೆಲಸ ಮಾಡದು

ಉಡುಪಿಯ ಪರ್ಯಾಯ ಉತ್ಸವದ ರಾತ್ರಿ ರಥಬೀದಿಯಲ್ಲಿ, ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಯಲ್ಲಿ ಹುಲಿವೇಷದ ತಾಸೆ ವಾದ್ಯದ ಪಕ್ಕ ವಿಸಿಲಿಗೆ ಬೆಲೆ ಇಲ್ಲ. ಅಲ್ಲಿ ಮಗುವಿನ ಕಿಸೆಯಲ್ಲಿ ಫೋನ್ ನಂಬರಿನ ಚೀಟಿ, ಸೇರುವ ಜಾಗ ಮೊದಲೇ ಗೊತ್ತು ಮಾಡಿಕೊಳ್ಳುವುದು. ಹಾವಿಗೆ ಊದಿ ಪ್ರಯೋಜನವಿಲ್ಲ. ಆನೆಗೆ, ಕಾಟಿಗೆ (ಕಾಡುಕೋಣಕ್ಕೆ) ಊದುವುದು ಮೂರ್ಖತನ. ಬೀದಿನಾಯಿಗಳಲ್ಲಿ ಕೆಲವು ಹೆದರುತ್ತವೆ, ಕೆಲವು ಕೆರಳುತ್ತವೆ. ನಾನಂತೂ ಕೋಲನ್ನೇ ನಂಬುತ್ತೇನೆ.

ನಿಗಾ

ತಿಂಗಳಿಗೊಮ್ಮೆ ಉಗುರು ಬೆಚ್ಚಗಿನ ಸೋಪಿನ ನೀರಲ್ಲಿ ಅದ್ದಿ ತೊಳೆದು ಕೊಡವಿ ಒಣಗಿಸಿ. ಮಳೆಗಾಲದಲ್ಲಿ ಒಳಗೆ ಬೂಸ್ಟು ಹಿಡಿಯುತ್ತದೆ, ದಾರ ಕುಂಬಾಗುತ್ತದೆ, ನೈಲಾನಿನದ್ದೇ ಹಾಕಿ. ಕಳೆದ ಬೇಸಿಗೆಯಲ್ಲಿ ಬಾವಿಕಟ್ಟೆಯ ವಿಸಿಲ್ ತೆಗೆದು ಊದಿದರೆ ಸದ್ದೇ ಇಲ್ಲ. ಬೆಳಕಿಗೆ ಹಿಡಿದು ನೋಡಿದೆ. ಕುಂಬಾರ ಹುಳ ಎರಡೂ ತೂತಿಗೆ ಕೆಂಪು ಮಣ್ಣು ಮೆತ್ತಿ, ಅಂಗೈಯಿಂದ ಸವರಿದಷ್ಟು ನಯವಾಗಿ ಗೂಡು ಮುಚ್ಚಿತ್ತು. ಹಿಡಿಸೂಡಿಯ ಕಡ್ಡಿಯಿಂದ ಬಿಡಿಸುವಾಗ ಒಳಗಿಂದ ಒಣಗಿದ ಜೇಡವೂ ಬಿತ್ತು. ಅಂದಿನಿಂದ ಬಾಯಿ ಕೆಳಗೆ ಮಾಡಿ, ಸಣ್ಣ ಬಲೆಬಟ್ಟೆಯ ಚೀಲದೊಳಗೆ ತೂಗುಹಾಕುತ್ತೇವೆ. ಚೀಲಕ್ಕೆ ಗಂಟು ಹಾಕುವುದಿಲ್ಲ, ಒಂದೇ ಕೈಯಲ್ಲಿ ಎಳೆದರೆ ಬರಬೇಕು. ಅಮ್ಮನಿಗೆ ಆ ದಿನ ಇದ್ದದ್ದು ಒಂದೇ ಕೈ.

ಈಗ ಪ್ರತಿ ಭಾನುವಾರ ಸಂಜೆ ಐದಕ್ಕೆ ಅಮ್ಮ ಚಾವಡಿಯಲ್ಲಿ ಕೂತು ಬೆರಳು ಮಡಚುತ್ತ ಆರು ಊದುತ್ತಾರೆ. ಆಚೆಮನೆಯಿಂದ ಮೂರು ಬರುತ್ತದೆ. ಬಾರದೆ ಇದ್ದ ಭಾನುವಾರ ನಾನು ಚಪ್ಪಲಿ ಮೆಟ್ಟಿ ಹೋಗಿ ನೋಡಿ ಬರುತ್ತೇನೆ.